ಗೌರಿಬಿದನೂರಿನ ಕಿವಿ, ಕುಡುಮಲಕುಂಟೆಯ ಕಾಲ್

ವಿಡಿಯೊ ಕಾಲ್ ಚೆನ್ನಾಗಿ ಬರಬೇಕೆನ್ನುವವರು ಸಾಮಾನ್ಯವಾಗಿ ಕ್ಯಾಮೆರಾದಿಂದ ಶುರು ಮಾಡುತ್ತಾರೆ. ಶುರು ಮಾಡಬೇಕಾದದ್ದು ದನಿಯಿಂದ. ಮುಖ ಮಸುಕಾದರೂ ಮಾತು ಸಾಗುತ್ತದೆ, ಚಿತ್ರ ನಿಂತೇ ಹೋದರೂ ಸಾಗುತ್ತದೆ. ದನಿ ಕಡಿದರೆ ಮಾತ್ರ ‘ಅಮ್ಮಾ, ಕೇಳಿಸ್ತಾ ಇದೆಯಾ?’ ಎಂಬುದೊಂದೇ ಉಳಿಯುತ್ತದೆ. ಗೌರಿಬಿದನೂರು ಬಳಿಯ ಕುಡುಮಲಕುಂಟೆಯ ಕೈಗಾರಿಕಾ ಪ್ರದೇಶದಲ್ಲಿ ಪಾಳಿ ಬಿಟ್ಟ ಹೊತ್ತಿನಲ್ಲಿ ರಸ್ತೆ ಬದಿಯಿಂದ ಮನೆಗೆ ಕಾಲ್ ಮಾಡುವವರದ್ದೂ ಇದೇ ಪಾಡು. ಲಾರಿ ಹಾರನ್ ಮೀರಿಸುವಂತೆ ಕೂಗುತ್ತಾರೆ. ಕೂಗಿದರೆ ಆ ಕಡೆ ಕೇಳೀತೆಂಬ ನಂಬಿಕೆ ಟ್ರಂಕ್ ಕಾಲ್ ಕಾಲದ್ದು. ಈಗಿನ ಫೋನಿನ ಮೈಕ್ ಹತ್ತಿರ ಕೂಗಿದರೆ ದನಿ ಒಡೆದು ಹೋಗುತ್ತದೆ.

ಕೂಗುವುದಕ್ಕಿಂತ ಹತ್ತಿರ ಬರುವುದು ಮೇಲು. ಬಾಯಿಗೂ ಮೈಕಿಗೂ 60 ಸೆಂಟಿಮೀಟರ್ ಇದ್ದ ದೂರವನ್ನು 15ಕ್ಕೆ ಇಳಿಸಿದರೆ ಮೈಕಿಗೆ ನೇರವಾಗಿ ತಲಪುವ ದನಿಯ ಶಕ್ತಿ 16 ಪಟ್ಟು ಏರುತ್ತದೆ. ಸುತ್ತಲಿನ ಗದ್ದಲ ಇದ್ದಷ್ಟೇ ಇರುತ್ತದೆ. ತಂತಿಯಿರುವ ಸಾದಾ ಇಯರ್‌ಫೋನ್ ದುಬಾರಿ ವೆಬ್‌ಕ್ಯಾಮಿಗಿಂತ ಹೆಚ್ಚು ಉಪಕಾರ ಮಾಡುವುದು ಇದರಿಂದಲೇ. ಸ್ಪೀಕರಿನ ದನಿ ತಿರುಗಿ ಮೈಕಿಗೆ ಬಿದ್ದು, ಆ ಕಡೆಯವರಿಗೆ ತಮ್ಮ ಮಾತೇ ಪ್ರತಿಧ್ವನಿಯಾಗಿ ಕೇಳುವ ಕಾಟವೂ ಅದರಿಂದ ತಪ್ಪುತ್ತದೆ. ಸಾಮಾನಿಲ್ಲದ ಖಾಲಿ ಹಾಲ್‌ನಲ್ಲಿ ಗೋಡೆ, ಟೈಲ್ಸು, ತಾರಸಿ ಎಲ್ಲವೂ ಮಾತನ್ನು ಮರಳಿ ಎಸೆಯುತ್ತವೆ. ಹಾಸಿಗೆ, ಕಂಬಳಿ, ಬಟ್ಟೆಯ ರಾಶಿ ಇರುವ ಒಳಕೋಣೆ ನೋಡಲು ಚೆಂದವಿಲ್ಲದಿದ್ದರೂ ಕೇಳಲು ಚೆಂದ.

ಗದ್ದಲದೊಳಗಿಂದ ಸಣ್ಣ ದನಿಯನ್ನು ಹೆಕ್ಕುವ ಕಸುಬು ಈ ಸೀಮೆಯಲ್ಲಿ 1965ರಿಂದ ನಡೆಯುತ್ತಿದೆ. ಫೋನ್ ತಯಾರಕರು ಹೊಸದೆಂದು ಹೇಳಿಕೊಳ್ಳುವುದನ್ನು ಗೌರಿಬಿದನೂರು ಅವರಿಗಿಂತ ಬಹಳ ಮೊದಲೇ ಮಾಡಿ ಕೂತಿದೆ ಎಂದರೆ ಅದು ಬರೀ ಊರಭಿಮಾನವಲ್ಲ. 1963ರ ಒಪ್ಪಂದ ಗಾಳಿಯಲ್ಲಿ, ನೀರಿನಲ್ಲಿ, ಬಾಹ್ಯಾಕಾಶದಲ್ಲಿ ಅಣ್ವಸ್ತ್ರ ಪರೀಕ್ಷೆ ಕೂಡದೆಂದಿತು, ನೆಲದಡಿಯ ಪರೀಕ್ಷೆಯನ್ನು ತಡೆಯಲಿಲ್ಲ. ಹಾಗಾಗಿ ಪರೀಕ್ಷೆಗಳು ನೆಲದಡಿಗೆ ಇಳಿದವು, ಅವನ್ನು ಪತ್ತೆಹಚ್ಚಬೇಕಾದವರು ನೆಲಕ್ಕೆ ಕಿವಿಗೊಡಬೇಕಾಯಿತು. ಬ್ರಿಟನ್ನಿನ ಅಣುಶಕ್ತಿ ಪ್ರಾಧಿಕಾರ ರೂಪಿಸಿದ ಮಾದರಿಯ ಕೇಂದ್ರಗಳು ಸ್ಕಾಟ್ಲೆಂಡಿನ ಎಸ್ಕ್‌ಡೇಲ್‌ಮ್ಯೂರ್, ಕೆನಡಾದ ಯೆಲ್ಲೊನೈಫ್, ಆಸ್ಟ್ರೇಲಿಯದ ವಾರಮುಂಗಗಳಲ್ಲಿ ಎದ್ದವು. ಅದೇ ಸಾಲಿನದು ಭಾಭಾ ಅಣು ಸಂಶೋಧನಾ ಕೇಂದ್ರದ ಗೌರಿಬಿದನೂರು ಭೂಕಂಪನ ಕೇಂದ್ರ. ದಕ್ಷಿಣ ಪ್ರಸ್ಥಭೂಮಿಯ ಗಟ್ಟಿ ಬಂಡೆ 250 ಕೋಟಿ ವರ್ಷ ಮೀರಿದ ಹಳೆಯದು. ಅಂಥ ಬಂಡೆ ಕಂಪನವನ್ನು ನುಂಗುವುದು ಕಡಿಮೆ.

ಅಲ್ಲಿ 20 ಕಂಪನಮಾಪಕಗಳನ್ನು ಎರಡು ಸಾಲಾಗಿ, ಇಂಗ್ಲಿಷಿನ ‘ಎಲ್’ ಆಕಾರದಲ್ಲಿ, ಸುಮಾರು ಎರಡೂವರೆ ಕಿಲೊಮೀಟರಿಗೆ ಒಂದರಂತೆ ಹೊಲಗಳ ನಡುವೆ ಇಟ್ಟರು. ಕಜಕಸ್ತಾನದಲ್ಲೋ ಚೀನಾದ ಲೋಪ್ ನೂರ್‌ನಲ್ಲೋ ನೆಲದಡಿ ಸ್ಫೋಟವಾದರೆ ಅದರ ಅಲೆ ಈ 20 ಕಡೆಗೂ ಬಂದು ತಟ್ಟುತ್ತದೆ, ಆದರೆ ಒಂದೇ ಗಳಿಗೆಯಲ್ಲಲ್ಲ. ಒಂದಕ್ಕೆ ಮೊದಲು, ಇನ್ನೊಂದಕ್ಕೆ ಚೂರು ತಡವಾಗಿ. ಆ ತಡವನ್ನು ಲೆಕ್ಕ ಹಾಕಿ, ಎಲ್ಲ ದಾಖಲೆಗಳನ್ನೂ ಸರಿಸಿ ಹೊಂದಿಸಿ ಕೂಡಿದರೆ ದೂರದ ಸ್ಫೋಟದ ಅಲೆ 20 ಪಟ್ಟಾಗುತ್ತದೆ. ಗಾಳಿಗೆ ಅಲ್ಲಾಡಿದ ಮರ, ಬೋರ್‌ವೆಲ್ ಪಂಪು, ಹಾದುಹೋದ ಎತ್ತಿನ ಗಾಡಿ ಇವುಗಳ ಕಂಪನ ಒಂದೊಂದು ಕಡೆ ಒಂದೊಂದು ತರಹ ಇರುವುದರಿಂದ ಅದು ಕೂಡಿದರೂ ಸುಮಾರು ನಾಲ್ಕೂವರೆ ಪಟ್ಟಿಗೇ ನಿಲ್ಲುತ್ತದೆ. ತಡವನ್ನು ಬೇರೆ ಬೇರೆಯಾಗಿ ಹೊಂದಿಸಿ ನೋಡಿದರೆ ಅಲೆ ಯಾವ ದಿಕ್ಕಿನಿಂದ ಬಂತೆಂಬುದೂ ತಿಳಿಯುತ್ತದೆ. ಮಾಪಕಗಳನ್ನು ಒಂದಿಂಚೂ ಕದಲಿಸದೆ, ಬರೀ ಲೆಕ್ಕದಿಂದ, ಕಿವಿಯನ್ನು ಬೇಕಾದ ಕಡೆಗೆ ತಿರುಗಿಸಿದಂತೆ.

ಎರಡು ಮೂರು ಮೈಕ್ ಇರುವ ಲ್ಯಾಪ್‌ಟಾಪ್, ಫೋನ್‌ಗಳು ಮಾಡುವುದು ಇದನ್ನೇ. ಹತ್ತು ಸೆಂಟಿಮೀಟರ್ ಅಂತರ ದಾಟಲು ಶಬ್ದಕ್ಕೆ ಬೇಕಾದದ್ದು ಸೆಕೆಂಡಿನ 3,400ರಲ್ಲಿ ಒಂದು ಪಾಲು. ಆ ತಡವನ್ನು ಹಿಡಿದು ಎದುರಿನ ಬಾಯಿಯ ದನಿಯನ್ನು ಕೂಡುತ್ತವೆ, ಪಕ್ಕದ ಮಿಕ್ಸಿಯ ಸದ್ದನ್ನು ತಗ್ಗಿಸುತ್ತವೆ. ಫೋನಿನ ಕವರ್ ಮೈಕಿನ ತೂತನ್ನು ಮುಚ್ಚಿದರೆ ಅಥವಾ ಹಿಡಿದ ಬೆರಳೇ ಅಡ್ಡ ಬಂದರೆ ಈ ಲೆಕ್ಕವೆಲ್ಲ ಕೆಡುತ್ತದೆ. ರೀಲಿಂಗ್ ಯಂತ್ರದ ಪಕ್ಕ ಕುಳಿತ ಶಿಡ್ಲಘಟ್ಟದ ರೇಷ್ಮೆ ರೀಲರಿಗೂ ಟೊಮೆಟೊ ಹರಾಜಿನ ನಡುವೆ ನಿಂತ ಚಿಂತಾಮಣಿಯ ಮಂಡಿಯವರಿಗೂ ಇಷ್ಟು ಗೊತ್ತಿದ್ದರೆ ಅರ್ಧ ಕೆಲಸ ಆದಂತೆ.

ಚಿತ್ರದ ವಿಚಾರ ಇಷ್ಟು ದೊಡ್ಡದಲ್ಲ. ಬೆಳಕು ಮುಖದ ಮೇಲೆ ಬೀಳಬೇಕು. ಕಿಟಕಿಗೆ ಬೆನ್ನು ಹಾಕಿ ಕೂತವರ ಮುಖ ಕಪ್ಪು ಕಪ್ಪು. ತಿರುಗಿ ಕೂತರೆ ಖರ್ಚಿಲ್ಲದೆ ಸರಿಹೋಗುತ್ತದೆ. ಕತ್ತಲಲ್ಲಿ ಕ್ಯಾಮೆರಾ ಇದ್ದಷ್ಟು ಬೆಳಕನ್ನೇ ಎಳೆದು ಹಿಗ್ಗಿಸುವಾಗ ಚಿತ್ರದ ತುಂಬ ಕಾಳು ಕಾಳು ಏಳುತ್ತದೆ. ವಿಡಿಯೊವನ್ನು ಕುಗ್ಗಿಸುವ ತಂತ್ರಾಂಶ ಹಿಂದಿನ ಚಿತ್ರಕ್ಕೂ ಮುಂದಿನದಕ್ಕೂ ಇರುವ ವ್ಯತ್ಯಾಸವನ್ನಷ್ಟೇ ಕಳಿಸುವುದು; ಗಳಿಗೆಗಳಿಗೆಗೂ ಬದಲಾಗುವ ಈ ಕಾಳುಗಳನ್ನೂ ಅದು ವ್ಯತ್ಯಾಸವೆಂದೇ ಎಣಿಸಿ ಡೇಟಾ ಸುರಿಯುತ್ತದೆ. ಹಿಂದೆ ತಿರುಗುವ ಫ್ಯಾನ್, ಗಾಳಿಗೆ ಆಡುವ ಪರದೆ, ಮಾಳಿಗೆಯ ಮೇಲೆ ಒಣಹಾಕಿದ ಸೀರೆ ಇವೂ ಅಷ್ಟೇ. ಮುಖಕ್ಕೆ ಸಲ್ಲಬೇಕಾದ ಡೇಟಾವನ್ನು ಅವು ತಿನ್ನುತ್ತವೆ. ಬೇಸಿಗೆಯಲ್ಲಿ ಫ್ಯಾನ್ ಆರಿಸಿ ಎಂದು ಯಾರೂ ಹೇಳಲಾರರು. ಅದು ಚೌಕಟ್ಟಿನಲ್ಲಿ ಕಾಣದಂತೆ ಕೂರಬಹುದು.

ಇಂಟರ್ನೆಟ್ ಪ್ಯಾಕಿನ ಜಾಹೀರಾತಿನಲ್ಲಿ ಎದ್ದು ಕಾಣುವುದು ಡೌನ್‌ಲೋಡ್ ವೇಗ. ನಮ್ಮ ಮುಖ ಆ ಕಡೆಗೆ ಹೋಗುವುದು ಅಪ್‌ಲೋಡ್‌ನಲ್ಲಿ. ಸ್ವಚ್ಛವಾದ 720 ಗೆರೆಯ ಚಿತ್ರಕ್ಕೆ ಸೆಕೆಂಡಿಗೆ ಒಂದರಿಂದ ಒಂದೂವರೆ ಮೆಗಾಬಿಟ್ ಬೇಕು. ದನಿಗೆ ಅದರ ಮೂವತ್ತರಲ್ಲೊಂದು ಪಾಲು ಸಾಕು. ನೆಟ್ ಕೈಕೊಟ್ಟಾಗ ಕ್ಯಾಮೆರಾ ಆರಿಸಿದರೆ ಮಾತು ಉಳಿಯುವುದು ಈ ಲೆಕ್ಕದಿಂದ. ಮನೆಯೊಳಗಿನ ವೈಫೈಗೂ ಗಮನ ಬೇಕು. 2.4 ಗಿಗಾಹರ್ಟ್ಸ್ ಗೋಡೆ ದಾಟುತ್ತದೆ, ಆದರೆ ಅಕ್ಕಪಕ್ಕದ ರೌಟರ್, ಬ್ಲೂಟೂತ್, ಮೈಕ್ರೊವೇವ್ ಒಲೆ ಎಲ್ಲವೂ ಅಲ್ಲೇ ತುಂಬಿರುತ್ತವೆ. 5 ಗಿಗಾಹರ್ಟ್ಸ್‌ನಲ್ಲಿ ಸಂದಣಿ ಕಡಿಮೆ, ಗೋಡೆಯ ಮುಂದೆ ಅದು ಸೋಲುತ್ತದೆ. ಕಬ್ಬಿಣದ ಬೀರುವಿನ ಹಿಂದೆ ಬಚ್ಚಿಟ್ಟ ರೌಟರ್ ಎರಡರಲ್ಲೂ ಸೋಲುತ್ತದೆ. ತಗಡಿನ ಶೀಟು ಹೊದಿಸಿದ ಮನೆಯೊಳಗೆ ಟವರಿನ ಸಿಗ್ನಲ್ ಕುಂದುವುದೂ ಲೋಹದ ಗುಣದಿಂದ. ಬಾಗಿಲ ಬಳಿ ಬಂದರೆ ಸುಧಾರಿಸುತ್ತದೆ.

ರೇಡಿಯೊ ಅಲೆಗಳ ವಿಷಯದಲ್ಲೂ ಗೌರಿಬಿದನೂರಿಗೆ ಅನುಭವವಿದೆ. ರಾಮನ್ ಸಂಶೋಧನಾ ಸಂಸ್ಥೆ ಮತ್ತು ಭಾರತೀಯ ಖಭೌತ ಸಂಸ್ಥೆ ಸೇರಿ 1976ರ ಸುಮಾರಿಗೆ ಅಲ್ಲಿ ನಡೆಸತೊಡಗಿದ ರೇಡಿಯೊ ದೂರದರ್ಶಕದಲ್ಲಿ 1,000 ಡೈಪೋಲ್ ಆಂಟೆನಾಗಳಿದ್ದವು, 640 ಪೂರ್ವ-ಪಶ್ಚಿಮದ ಸಾಲಿನಲ್ಲಿ, 360 ದಕ್ಷಿಣದ ಸಾಲಿನಲ್ಲಿ. ಅದು ಆಲಿಸಿದ್ದು 34.5 ಮೆಗಾಹರ್ಟ್ಸ್‌ನಲ್ಲಿ ಬರುವ ಆಕಾಶದ ಸದ್ದನ್ನು. ಭೂಕಂಪನ ಕೇಂದ್ರದ ಕೂಡುವ ಲೆಕ್ಕವೇ ಇಲ್ಲಿಯೂ. ಒಂದಕ್ಕಿಂತ ಹೆಚ್ಚು ಆಂಟೆನಾ ಇರುವ ಇವತ್ತಿನ ರೌಟರ್‌ಗಳು ಅಲೆಯನ್ನು ಫೋನಿನ ದಿಕ್ಕಿಗೆ ಕೇಂದ್ರೀಕರಿಸುವುದೂ ಅದರಿಂದಲೇ.

ಯಾವ ಉಪಾಯಕ್ಕೂ ಬಗ್ಗದ್ದು ತಡ. ಮಾತು ಒಂದು ಕಡೆಯಿಂದ ಇನ್ನೊಂದು ಕಡೆಗೆ ತಲಪಲು 150 ಮಿಲಿಸೆಕೆಂಡಿಗಿಂತ ಹೆಚ್ಚಾಗಬಾರದೆಂದು ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟದ ಸಲಹೆ. ಗಾಜಿನ ಎಳೆಯಲ್ಲಿ ಬೆಳಕು ಸೆಕೆಂಡಿಗೆ ಸುಮಾರು ಎರಡು ಲಕ್ಷ ಕಿಲೊಮೀಟರ್ ಓಡುತ್ತದೆ. ಅಮೆರಿಕದ ಪೂರ್ವ ಕರಾವಳಿಯಲ್ಲಿರುವ ಮಗಳಿಗೆ ನೇರ ದಾರಿಯಲ್ಲೇ 65 ಮಿಲಿಸೆಕೆಂಡ್ ಬೇಕು, ಕೇಬಲ್ ಹೋಗುವುದು ಸುತ್ತು ದಾರಿಯಲ್ಲಿ. ದಾರಿಯಲ್ಲಿ ಕಳೆದುಹೋದ ತುಣುಕನ್ನು ಮತ್ತೆ ಕೇಳಿ ತರಿಸಿಕೊಳ್ಳುವಷ್ಟು ಪುರುಸೊತ್ತು ನೇರ ಮಾತುಕತೆಯಲ್ಲಿ ಇಲ್ಲ. ತಂತ್ರಾಂಶ ಅದನ್ನು ಊಹಿಸಿ ತುಂಬಿಸಿಬಿಡುತ್ತದೆ. ಇಬ್ಬರೂ ಒಟ್ಟಿಗೆ ಶುರು ಮಾಡಿ, ಇಬ್ಬರೂ ಒಟ್ಟಿಗೆ ‘ನೀನೇ ಹೇಳು’ ಎನ್ನುವುದು ಈ ತಡದ ಫಲ. ಒಬ್ಬರ ಮಾತು ಮುಗಿದ ಮೇಲೆ ಅರೆ ಕ್ಷಣ ಬಿಟ್ಟು ಬಾಯಿ ತೆರೆದರೆ ಮುಕ್ಕಾಲು ಪಾಲು ತಪ್ಪುತ್ತದೆ. ಯುಗಾದಿಯ ದಿನ ಮೂರು ತಲೆಮಾರು ಒಂದೇ ಪರದೆಗೆ ಮುತ್ತಿದಾಗ ಇದು ಆಗದ ಮಾತು. ಆಗ ಮಾತಾಡದವರ ಮೈಕ್ ಬಂದ್ ಮಾಡಿಸುವ ಅಧಿಕಾರವನ್ನು ಮನೆಯ ಯಾರಾದರೊಬ್ಬರಿಗೆ, ಆದಷ್ಟೂ ಅತ್ತಿಗೆಯಂಥ ಗಟ್ಟಿಗಿತ್ತಿಗೆ, ಕೊಡಬೇಕು.