ಮುಖವಾಡ ಯಾರ ಕೈಯಲ್ಲಿದೆ?

ಫಿನ್ಲೆಂಡ್ ದೇಶದಲ್ಲಿ, ಉತ್ತರ ಧ್ರುವವೃತ್ತದ ಹತ್ತಿರ, ರೊವಾನಿಯೆಮಿ ಅಂತ ಒಂದು ಊರಿದೆ. ಆ ಊರು ಇಬ್ಬರಿಂದ ಹೆಸರುವಾಸಿ. ಒಬ್ಬರು ಸಾಂತಾ ಕ್ಲಾಸ್. ಸಾಂತಾನ ಅಧಿಕೃತ ತವರೂರು ತಾನೇ ಅಂತ ಆ ಊರು ಹೆಮ್ಮೆಯಿಂದ ಹೇಳಿಕೊಳ್ಳುತ್ತದೆ. ಇನ್ನೊಬ್ಬರು ಮಿಸ್ಟರ್ ಲೋರ್ಡಿ. ಕೋರೆಹಲ್ಲು, ಸುಕ್ಕುಗಟ್ಟಿದ ಮುಖ, ಉದ್ದ ಉಗುರು, ಬೆನ್ನಿಗೆ ಬಾವಲಿ ರೆಕ್ಕೆ ಇರೋ ಹೆವಿ ಮೆಟಲ್ ಗಾಯಕ. ಊರಿನ ಒಂದು ಚೌಕಕ್ಕೆ ಅವರ ಬ್ಯಾಂಡಿನ ಹೆಸರನ್ನೇ ಇಟ್ಟಿದ್ದಾರೆ.

ಇಬ್ಬರದೂ ವೇಷವೇ. ಸಾಂತಾನ ಗಡ್ಡ ಎಳೆದು ಒಳಗಿರೋ ಮನುಷ್ಯ ಯಾರು ನೋಡೋಣ ಅಂತ ಯಾರೂ ಹೋಗಲ್ಲ. ಲೋರ್ಡಿ ವಿಷಯದಲ್ಲಿ ಮಾತ್ರ ಒಂದು ಪತ್ರಿಕೆ ಹೋಯಿತು. ಆಮೇಲೆ ಏನಾಯಿತು ಅನ್ನೋದು ಗೊತ್ತಾದ ದಿನದಿಂದ ಈ ಬ್ಯಾಂಡ್ ನನಗೆ ಬೇರೆಯೇ ಕಾರಣಕ್ಕೆ ಇಷ್ಟ.

ನನಗೆ ಇವರನ್ನು ಪರಿಚಯ ಮಾಡಿಸಿದ್ದು ನನ್ನ ತಮ್ಮ. ಅವನು ಹಾಸ್ಟೆಲ್‌ನಿಂದ ಮನೆಗೆ ಬಂದಾಗಲೆಲ್ಲ ಸ್ಪೀಕರ್‌ನಲ್ಲಿ ಏನಾದರೂ ಅಬ್ಬರಿಸುತ್ತಿರುತ್ತದೆ. "ಅಕ್ಕಾ, ಇದು ಕೇಳು, ಹೆದರ್ಕೋಬೇಡ, ನೋಡೋಕೆ ಮಾತ್ರ ರಾಕ್ಷಸರು" ಅಂತ ಒಂದು ವಿಡಿಯೋ ತೋರಿಸಿದ. ಅಮ್ಮ ಅಡುಗೆಮನೆಯಿಂದ ಇಣುಕಿ, "ಅಯ್ಯೋ, ಸಂಜೆ ಹೊತ್ತಲ್ಲಿ ಎಂಥದೋ ಇದು" ಅಂದು ಒಳಗೆ ಹೋದರು. ಐದು ನಿಮಿಷ ಆದಮೇಲೆ ಅದೇ ರಾಗ ಗುನುಗುತ್ತಾ ಸೊಪ್ಪು ಬಿಡಿಸುತ್ತಿದ್ದರು. ಲೋರ್ಡಿಯ ಗುಟ್ಟೇ ಅದು. ವೇಷ ಭಯ ಹುಟ್ಟಿಸುತ್ತೆ, ಹಾಡು ಬಾಯಿಗೆ ಅಂಟಿಕೊಳ್ಳುತ್ತೆ.

ಅವತ್ತು ತಮ್ಮ ಹಾಕಿದ ಹಾಡು 'ಹಾರ್ಡ್ ರಾಕ್ ಹಲ್ಲೆಲೂಯಾ'. 2006ರ ಯೂರೋವಿಷನ್ ಗೆದ್ದ ಹಾಡು. ಯೂರೋವಿಷನ್ ಅಂದರೆ ಯುರೋಪಿನ ದೇಶಗಳು 1956ರಿಂದ ನಡೆಸಿಕೊಂಡು ಬಂದಿರೋ ಹಾಡಿನ ಸ್ಪರ್ಧೆ. ಒಂದೊಂದು ದೇಶದಿಂದ ಒಂದೊಂದು ಹಾಡು, ಅದೂ ಮೂರು ನಿಮಿಷ ಮೀರಬಾರದು. ನಮ್ಮ ದೇಶದ ಹಾಡಿಗೆ ನಾವೇ ವೋಟ್ ಹಾಕೋ ಹಾಗಿಲ್ಲ. ಅಲ್ಲಿ ಸಾಮಾನ್ಯವಾಗಿ ಮಿಂಚೋ ಬಟ್ಟೆ, ಪ್ರೇಮಗೀತೆ, ಅಚ್ಚುಕಟ್ಟಾದ ಡ್ಯಾನ್ಸ್. ಫಿನ್ಲೆಂಡ್ 1961ರಿಂದ ಭಾಗವಹಿಸುತ್ತಿದ್ದರೂ ಒಂದು ಸಲವೂ ಗೆದ್ದಿರಲಿಲ್ಲ. 1982ರಲ್ಲಂತೂ ಸಿಕ್ಕಿದ್ದು ಸೊನ್ನೆ ಅಂಕ.

ಅಂಥ ದೇಶ 2006ರ ಮೇ 20ರಂದು ಅಥೆನ್ಸ್‌ನ ವೇದಿಕೆಗೆ ಐದು ರಾಕ್ಷಸರನ್ನು ಕಳಿಸಿತು. ಗಿಟಾರ್ ಹಿಡಿದ ಅಮೆನ್ ಈಜಿಪ್ಟಿನ ಮಮ್ಮಿ. ಬೇಸ್ ನುಡಿಸೋ ಆಕ್ಸ್ ಅರ್ಧ ಗೂಳಿ. ಡ್ರಮ್ಸ್‌ನ ಕೀಟಾ ಬೇರೆ ಗ್ರಹದ ಮೃಗ. ಕೀಬೋರ್ಡ್‌ನ ಅವಾ ರಕ್ತ ಹೀರೋ ರಾಜಮನೆತನದ ಹೆಂಗಸು. ನಡುವೆ ಮಿಸ್ಟರ್ ಲೋರ್ಡಿ, ಕೈಯಲ್ಲಿ ಕೊಡಲಿ ಆಕಾರದ ಮೈಕ್. ತಲೆ ಮೇಲೆ ಮಾತ್ರ ಫಿನ್ಲೆಂಡ್ ಬಾವುಟದ ಟೋಪಿ! ಕ್ರಿಕೆಟ್ ಮ್ಯಾಚಿಗೆ ಹೋಗೋರು ಕೆನ್ನೆಗೆ ತ್ರಿವರ್ಣ ಬಳಿದುಕೊಂಡ ಹಾಗೆ. ಹಾಡಿನ ಮಧ್ಯೆ ಬೆನ್ನಿನ ರೆಕ್ಕೆ ಬಿಚ್ಚಿಕೊಂಡಿತು, ಕಿಡಿ ಹಾರಿತು. 292 ಅಂಕ ಬಂತು. ಅಲ್ಲಿಯವರೆಗೆ ಯಾರೂ ಅಷ್ಟು ಗಳಿಸಿರಲಿಲ್ಲ. ರಷ್ಯಾ ಎರಡನೇ ಸ್ಥಾನಕ್ಕೆ ಹೋಯಿತು.

ಸ್ಪರ್ಧೆಗೆ ಮುಂಚೆ ಗಲಾಟೆ ಕಡಿಮೆ ಇರಲಿಲ್ಲ. ಇವರು ಸೈತಾನನ ಭಕ್ತರು, ವೇದಿಕೆಗೆ ಬಿಡಬಾರದು ಅಂತ ಗ್ರೀಸ್‌ನಲ್ಲಿ ಕೆಲವರು ಪಟ್ಟು ಹಿಡಿದಿದ್ದರು. ತಮಾಷೆ ನೋಡಿ, ಸ್ಪರ್ಧೆಗೆ ತಂದ ಹಾಡಿನ ಹೆಸರಲ್ಲೇ ದೇವರನ್ನು ಕೊಂಡಾಡೋ ಪದ ಇದೆ. ಇದೇ ಬ್ಯಾಂಡಿನ ಹಳೆಯ ಹಾಡೊಂದರ ಹೆಸರು 'ಡೆವಿಲ್ ಈಸ್ ಅ ಲೂಸರ್', ಅಂದರೆ ಸೈತಾನ ಸೋತವನು! ಮುಖ ನೋಡಿ ಮಣೆ ಹಾಕಬೇಡಿ ಅಂತಾರಲ್ಲ, ಇಲ್ಲಿ ಮುಖ ನೋಡಿ ಮಣೆ ಕಿತ್ತುಕೊಳ್ಳೋಕೆ ಹೊರಟಿದ್ದರು.

ನನಗೆ ತುಂಬಾ ಹಿಡಿಸಿದ ವಿಷಯ ಇನ್ನೊಂದಿದೆ. ಆ ವೇಷಗಳನ್ನು ಯಾವುದೋ ದೊಡ್ಡ ಸ್ಟುಡಿಯೋದಲ್ಲಿ ಮಾಡಿಸಿದ್ದಲ್ಲ. ಮಿಸ್ಟರ್ ಲೋರ್ಡಿ, ಅಂದರೆ ಟೋಮಿ ಪುಟಾನ್ಸು, ಲೇಟೆಕ್ಸ್‌ನಲ್ಲಿ ತಾವೇ ಕೂತು ಮಾಡೋದು. ಚಿಕ್ಕಂದಿನಿಂದ ಹಾರರ್ ಸಿನಿಮಾ ಹುಚ್ಚು, ಜೊತೆಗೆ ಮುಖಕ್ಕೆ ಬಣ್ಣ ಬಳಿದುಕೊಂಡು ಹಾಡೋ ಅಮೆರಿಕದ 'ಕಿಸ್' ಬ್ಯಾಂಡಿನ ಹುಚ್ಚು. ಎರಡನ್ನೂ ಕಲಸಿ 1992ರಲ್ಲಿ ಲೋರ್ಡಿ ಶುರು ಮಾಡಿದರು. ಮೊದಲ ಆಲ್ಬಂ ಬರೋಕೆ 2002ರವರೆಗೆ ಹತ್ತು ವರ್ಷ ಹಿಡಿಯಿತು. ಅದರ ಹಿಟ್ ಹಾಡಿನ ಹೆಸರು 'ವುಡ್ ಯೂ ಲವ್ ಅ ಮಾನ್‌ಸ್ಟರ್‌ಮ್ಯಾನ್?'. ರಾಕ್ಷಸನನ್ನು ನೀನು ಪ್ರೀತಿಸ್ತೀಯಾ ಅಂತ. ಹೊಸ ಆಲ್ಬಂ ಬಂದಾಗಲೆಲ್ಲ ಹೊಸ ವೇಷವೂ ಬರುತ್ತೆ. ಅಭಿಮಾನಿಗಳು ಹಾಡಿಗೆ ಕಾದ ಹಾಗೇ ಮುಖಕ್ಕೂ ಕಾಯುತ್ತಾರೆ. 2021ರಲ್ಲಿ ಒಂದೇ ಸಲಕ್ಕೆ ಏಳು ಆಲ್ಬಂ ಹೊರತಂದ ಭೂಪರು ಇವರು, ಒಂದೊಂದೂ ಒಂದೊಂದು ಶೈಲಿಯಲ್ಲಿ.

ಗಮನಿಸಿ, ಟೋಮಿ ತಮ್ಮ ಹೆಸರನ್ನು ಮುಚ್ಚಿಟ್ಟಿಲ್ಲ. ಹೆಸರು, ಊರು ಎಲ್ಲ ಎಲ್ಲರಿಗೂ ಗೊತ್ತು. ವೇಷ ಇಲ್ಲದ ನನ್ನ ಮುಖದ ಫೋಟೋ ಹಾಕಬೇಡಿ ಅಂತ ಕೇಳಿಕೊಂಡಿದ್ದರು, ಅಷ್ಟೇ. ಯೂರೋವಿಷನ್ ಗೆದ್ದ ಮೇಲೆ ಫಿನ್ಲೆಂಡ್‌ನ ಒಂದು ವಾರಪತ್ರಿಕೆ ಹಾಕಿಯೇಬಿಟ್ಟಿತು. ಒಳ್ಳೇ ಸುದ್ದಿ, ಜನ ಮುಗಿಬಿದ್ದು ಕೊಳ್ಳುತ್ತಾರೆ ಅಂದುಕೊಂಡಿರಬೇಕು.

ಆದದ್ದೇ ಬೇರೆ. ಜನ ಸಿಟ್ಟಾದರು. ಲಕ್ಷಕ್ಕೂ ಹೆಚ್ಚು ಮಂದಿ ಆನ್‌ಲೈನ್‌ನಲ್ಲಿ ಸಹಿ ಹಾಕಿ ಪ್ರತಿಭಟಿಸಿದರು. ಕೊನೆಗೆ ಪತ್ರಿಕೆ ಕ್ಷಮೆ ಕೇಳಬೇಕಾಯಿತು. ಅರ್ಧ ಕೋಟಿ ಚಿಲ್ಲರೆ ಜನಸಂಖ್ಯೆಯ ದೇಶದಲ್ಲಿ ಅಷ್ಟು ಜನ ಸೇರಿ ಹೇಳಿದ್ದಿಷ್ಟು: ಅವರು ತೋರಿಸಲ್ಲ ಅಂದಮೇಲೆ ನಮಗೆ ನೋಡೋದು ಬೇಡ.

ಇದನ್ನು ಓದಿದಾಗ ನಾನು ಮೆಟ್ರೋದಲ್ಲಿದ್ದೆ. ಮೂರು ಸಲ ಓದಿದೆ. ಕಾರಣ ಹೇಳ್ತೀನಿ.

ನನಗೆ ಇಪ್ಪತ್ತನಾಲ್ಕನೇ ವಯಸ್ಸಿನಲ್ಲಿ ತುಟಿಯ ಪಕ್ಕ ಒಂದು ಬಿಳಿ ಚುಕ್ಕೆ ಬಂತು. ಆಮೇಲೆ ಕಣ್ಣಿನ ಸುತ್ತ. ತೊನ್ನು. ಡಾಕ್ಟರು ವಿಟಿಲಿಗೋ ಅಂದರು. ಚರ್ಮಕ್ಕೆ ಬಣ್ಣ ಕೊಡೋ ಜೀವಕೋಶಗಳ ಮೇಲೆ ನಮ್ಮ ದೇಹದ ರಕ್ಷಣಾ ವ್ಯವಸ್ಥೆಯೇ ದಾಳಿ ಮಾಡೋದರಿಂದ ಹೀಗಾಗುತ್ತೆ, ಅಂಟುರೋಗ ಅಲ್ಲ ಅಂತ ವಿವರಿಸಿದರು. ನೋವಿಲ್ಲ, ತುರಿಕೆಯಿಲ್ಲ. ಬೇರೆಯವರ ಕಣ್ಣು ಮಾತ್ರ ಮಾತಾಡುವಾಗ ನನ್ನ ಕಣ್ಣು ಬಿಟ್ಟು ತುಟಿಯ ಪಕ್ಕಕ್ಕೆ ಜಾರುತ್ತೆ.

ಅಂದಿನಿಂದ ದಿನಾ ಬೆಳಗ್ಗೆ ಹದಿನೈದು ನಿಮಿಷ ಕನ್ಸೀಲರ್ ಹಚ್ಚೋದು. ಬೆರಳ ತುದಿಯಿಂದ ತಟ್ಟಿ ತಟ್ಟಿ, ಅಂಚು ಕಾಣದ ಹಾಗೆ. ಹಚ್ಚೋದರಲ್ಲಿ ನಾನೀಗ ಪಳಗಿದ್ದೀನಿ. ಹೇಳಿದರೆ ನಗ್ತೀರೇನೋ, ಆ ಹದಿನೈದು ನಿಮಿಷ ನನಗೆ ಇಷ್ಟ. ನನ್ನ ಮುಖವನ್ನು ನಾನೇ ಕೂತು ಬರೆದುಕೊಳ್ಳೋ ಹೊತ್ತು ಅದು.

ಈ ಬಗ್ಗೆ ನನಗೆ ಬುದ್ಧಿ ಹೇಳೋರು ಎರಡು ಥರ.

ಮೊದಲನೇ ಥರ ನಮ್ಮ ದೊಡ್ಡಮ್ಮ. "ಹುಡುಗನ ಕಡೆಯವರು ಬಂದಾಗ ಚೆನ್ನಾಗಿ ಹಚ್ಕೊಂಡಿರು ಕಣೇ. ಮದ್ವೆ ಆದ್ಮೇಲೆ ನಿಧಾನಕ್ಕೆ ಹೇಳಿದ್ರಾಯ್ತು." ನನ್ನ ಮೇಲಿನ ಅಕ್ಕರೆಯಿಂದಲೇ ಹೇಳಿದ್ದು. ಆದರೆ ಆ ಮಾತು ಕೇಳಿದ ಕ್ಷಣ ಕನ್ಸೀಲರ್ ಡಬ್ಬಿ ನನ್ನದಾಗಿ ಉಳಿಯಲಿಲ್ಲ. ಮನೆತನದ ಮರ್ಯಾದೆ ಮುಚ್ಚೋ ಮುಚ್ಚಳ ಆಯ್ತು.

ಎರಡನೇ ಥರ ಆಫೀಸಿನ ಗೆಳತಿ. ಟೀಮ್ ಟ್ರಿಪ್‌ಗೆ ಹೋದಾಗ, ಬೆಳಗ್ಗೆ ರೆಸಾರ್ಟ್‌ನ ಜಗಲಿಯಲ್ಲಿ ನಾನು ಮುಖ ತೊಳೆದು ಹಾಗೇ ಕಾಫಿ ಕುಡೀತಾ ಕೂತಿದ್ದೆ. ಅವಳು ಫೋಟೋ ತೆಗೆದು ಆಫೀಸ್ ಗ್ರೂಪ್‌ಗೆ ಹಾಕಿದಳು, 'ಇದು ನಿಜವಾದ ಸೌಂದರ್ಯ' ಅಂತ ಬರೆದು. ನಾನು ನೋಡೋ ಹೊತ್ತಿಗೆ ಹಾರ್ಟ್‌ಗಳ ಸಾಲು. ಧೈರ್ಯವಂತೆ, ಸ್ಫೂರ್ತಿ ಅಂತೆಲ್ಲ ಕಾಮೆಂಟು. ಡಿಲೀಟ್ ಮಾಡೇ ಅಂದೆ. "ಯಾಕೇ? ಎಷ್ಟ್ ಚೆನ್ನಾಗ್ ಬಂದಿದೆ! ನೀನ್ಯಾಕ್ ಮುಚ್ಕೋಬೇಕು, ಹೇಳು?" ಅಂದಳು. ಅವಳ ಮನಸ್ಸಲ್ಲಿ ಕೆಟ್ಟದ್ದಿರಲಿಲ್ಲ. ಅದಕ್ಕೇ ಬೈಯೋಕೂ ಆಗಲಿಲ್ಲ. ಅವತ್ತಿಡೀ ನಾನು ರೂಮಿನಿಂದ ಆಚೆ ಬರಲಿಲ್ಲ.

ದೊಡ್ಡಮ್ಮ ಮುಚ್ಚು ಅಂತಾರೆ, ಗೆಳತಿ ತೆಗಿ ಅಂತಾಳೆ. ಎರಡೂ ಎದುರುಬದುರು ಮಾತು ಅಂತ ನಾನು ಅಂದುಕೊಂಡಿದ್ದೆ. ಫಿನ್ಲೆಂಡ್ ಕತೆ ಓದಿದ ಮೇಲೆ ಎರಡೂ ಒಂದೇ ಮಾತು ಅನ್ನಿಸಿತು. ಇಬ್ಬರೂ ಕೈ ಹಾಕಿದ್ದು ನಾನು ತೀರ್ಮಾನ ಮಾಡಬೇಕಾದ ಜಾಗಕ್ಕೆ.

'ಕಿಸ್' ಬ್ಯಾಂಡಿನವರ ಕತೆಯನ್ನೇ ನೋಡಿ. ಹತ್ತು ವರ್ಷ ಬಣ್ಣದ ಮುಖದಲ್ಲೇ ಮೆರೆದವರು 1983ರ ಸೆಪ್ಟೆಂಬರ್ 18ರಂದು ಎಂಟಿವಿಯಲ್ಲಿ ಬಣ್ಣವಿಲ್ಲದೆ ಬಂದು ಕೂತರು. ಹದಿಮೂರು ವರ್ಷ ಕಳೆದು, 1996ರಲ್ಲಿ, ಮತ್ತೆ ಬಣ್ಣ ಹಚ್ಚಿದರು. ಅಯ್ಯೋ ಹಿಂದಕ್ಕೆ ಹೋದರು, ಧೈರ್ಯ ಕಳೆದುಕೊಂಡರು ಅಂತ ಯಾರೂ ಮರುಗಲಿಲ್ಲ. ಟಿಕೆಟ್‌ಗೆ ಕ್ಯೂ ನಿಂತರು. ತೆಗೆದವರೂ ಅವರೇ, ಹಚ್ಚಿದವರೂ ಅವರೇ. ಅದಕ್ಕೇ ಅದು ಸುದ್ದಿಯಾಯಿತೇ ಹೊರತು ಗಾಯ ಆಗಲಿಲ್ಲ.

ನನ್ನಂಥ ಚರ್ಮ ಇರೋರಲ್ಲಿ ಎಷ್ಟೋ ಜನ ಏನೂ ಹಚ್ಚದೆ ಓಡಾಡುತ್ತಾರೆ. ಜೂನ್ 25ರ ವಿಶ್ವ ವಿಟಿಲಿಗೋ ದಿನ ತಮ್ಮ ಫೋಟೋ ತಾವೇ ಹಾಕುತ್ತಾರೆ. ಅವರನ್ನು ಕಂಡರೆ ನನಗೆ ಗೌರವ. ಅವರ ಫೋಟೋ ನೋಡಿದಾಗ ನನಗೂ ಹುರುಪು ಬರುತ್ತೆ. ಆದರೆ ಅದು ಅವರು ಹಾಕಿದ ಫೋಟೋ. ಆ ವ್ಯತ್ಯಾಸ ಚಿಕ್ಕದಲ್ಲ.

ಕಳೆದ ತಿಂಗಳು ಒಂದು ಸಂಬಂಧದ ಮಾತು ಬಂತು. ದೊಡ್ಡಮ್ಮ ಹೇಳಿದ ಹಾಗೆ ಮಾಡಲಿಲ್ಲ. ಅವರು ಮನೆಗೆ ಬರೋಕೆ ಮುಂಚೆಯೇ ಹುಡುಗನಿಗೆ ನಾನೇ ಫೋನ್ ಮಾಡಿ ತೊನ್ನಿನ ವಿಷಯ ಹೇಳಿದೆ. ಮೋಸ ಮಾಡಿದರು ಅನ್ನೋ ಮಾತು ನಾಳೆ ಅಪ್ಪ ಅಮ್ಮನಿಗೆ ಬರಬಾರದು. ಆಚೆ ಕಡೆ ಸ್ವಲ್ಪ ಹೊತ್ತು ಮೌನ. ಆಮೇಲೆ, "ವಿಡಿಯೋ ಕಾಲಲ್ಲಿ ಒಂದ್ಸಲ ತೋರಿಸ್ತೀರಾ? ಬೇಜಾರ್ ಮಾಡ್ಕೋಬೇಡಿ" ಅಂದರು.

"ಇವತ್ತು ಬೇಡ" ಅಂದೆ. "ವಿಷಯ ಹೇಳಿದ್ದೀನಿ, ಏನೂ ಮುಚ್ಚಿಟ್ಟಿಲ್ಲ. ತೋರಿಸೋದು ನನಗೆ ಅನ್ನಿಸಿದಾಗ."

ಹೇಳಿ ಮುಗಿಸಿದಾಗ ಕೈ ನಡುಗುತ್ತಿತ್ತು. ಅವರು "ಸರಿ, ಆತುರ ಏನಿಲ್ಲ" ಅಂದರು. ಆಮೇಲೆ ಮನೆಯವರ ಜೊತೆ ಬಂದು, ಉಪ್ಪಿಟ್ಟು ಕಾಫಿ ಮುಗಿಸಿ ಹೋದರು. ಅವತ್ತು ನಾನು ಕನ್ಸೀಲರ್ ಹಚ್ಚಿಕೊಂಡೇ ಇದ್ದೆ, ಬೇಕು ಅನ್ನಿಸಿತ್ತು. ಅವರು ತೋರಿಸಿ ಅಂತ ಮತ್ತೆ ಕೇಳಲಿಲ್ಲ. ಅವರ ತಾಯಿ ಮಾತ್ರ ಆಗಾಗ ನನ್ನ ತುಟಿಯ ಕಡೆ ನೋಡುತ್ತಿದ್ದರು. ಮುಂದೇನು ಅಂತ ಇನ್ನೂ ಉತ್ತರ ಬಂದಿಲ್ಲ. ಅಮ್ಮ ದಿನಾ ಫೋನ್ ನೋಡುತ್ತಾರೆ. ನಾನೂ ನೋಡ್ತೀನಿ, ಸುಳ್ಳು ಯಾಕೆ ಹೇಳಲಿ.

ಗೆಳತಿಗೆ ಲೋರ್ಡಿ ಕತೆ ಕಳಿಸಿದೆ, ಬೇರೇನೂ ಬರೆಯಲಿಲ್ಲ. ರಾತ್ರಿ ಹನ್ನೊಂದಕ್ಕೆ, "ಫೋಟೋ ತೆಗೆದೆ ಕಣೇ, ಸಾರಿ" ಅಂತ ಮೆಸೇಜು ಬಂತು. ಅದರ ಹಿಂದೆಯೇ ಇನ್ನೊಂದು: "ಹಾಡು ಚೆನ್ನಾಗಿದೆ!"

ಈಗ ಹಾಲಿನಂಗಡಿಗೆ, ಜಿಮ್‌ಗೆ ಹಾಗೇ ಹೋಗ್ತೀನಿ. ಮೀಟಿಂಗ್ ಇದ್ದರೆ ಹಚ್ಚಿಕೊಳ್ತೀನಿ. ಕೆಲವು ದಿನ ಇದು ತಿರುಗುಮುರುಗು ಆಗೋದೂ ಉಂಟು. ಸೋಮವಾರ ನಮ್ಮ ಟೀಮ್‌ಗೆ ಮೂವರು ಹೊಸಬರು ಸೇರ್ತಿದ್ದಾರೆ. ಅವತ್ತು ಯಾವ ಮುಖದಲ್ಲಿ ಹೋಗ್ತೀನೋ ನನಗೂ ಗೊತ್ತಿಲ್ಲ. ಬೆಳಗ್ಗೆ ಎದ್ದು, ಕಾಫಿ ಕುಡಿದು, ಕನ್ನಡಿ ಮುಂದೆ ನಿಂತಾಗ ನೋಡೋಣ.