ಅಪ್ಪನ ಪುಸ್ತಕ, ನನ್ನ ಪುಸ್ತಕ

ಮೊನ್ನೆ ಭದ್ರಾವತಿಗೆ ಹೋಗಿದ್ದೆ. ಓಲ್ಡ್ ಟೌನಿನ ಮನೆ ಖಾಲಿ ಮಾಡಬೇಕಿತ್ತು. ಅಪ್ಪನ ಪುಸ್ತಕಗಳನ್ನು ಏನು ಮಾಡೋದು ಅನ್ನೋದೇ ತಲೆನೋವು.

ಅಪ್ಪನಿಗೆ ಕಥೆ-ಕಾದಂಬರಿ ಅಂದ್ರೆ ಆಗ್ತಿರಲಿಲ್ಲ. "ಇಲ್ದೇ ಇರೋರ ಕಷ್ಟಕ್ಕೆ ಯಾಕೋ ಅಳ್ತೀಯ?" ಅಂತಿದ್ರು. ಅವರಿಗೆ 1951ರಲ್ಲಿ ಬಂದ ವಿಶ್ವೇಶ್ವರಯ್ಯನವರ ಆತ್ಮಕಥೆ 'ಮೆಮಾಯರ್ಸ್ ಆಫ್ ಮೈ ವರ್ಕಿಂಗ್ ಲೈಫ್' ಒಂದಿದ್ರೆ ಸಾಕು. ನನಗೋ ಕುವೆಂಪು ಅವರ 'ಮಲೆಗಳಲ್ಲಿ ಮದುಮಗಳು'. ಊಟಕ್ಕೆ ಕೂತಾಗೆಲ್ಲ ಇದೇ ಜಗಳ.

ಈ ಸಲ ಮೊದಲ ಬಾರಿಗೆ ಅಪ್ಪನ ಪುಸ್ತಕ ಬಿಡಿಸಿದೆ. ಅವರು ಬಸ್ ಟಿಕೆಟ್ ಇಟ್ಟಿದ್ದು ನಮ್ಮೂರ ಕಬ್ಬಿಣದ ಕಾರ್ಖಾನೆಯ ಮಾತು ಬರೋ ಪುಟದಲ್ಲಿ. ಓದ್ತಾ ಓದ್ತಾ ನೆನಪಾಯ್ತು: 1923ರಲ್ಲಿ ಅಲ್ಲಿನ ಕುಲುಮೆ ಹೊತ್ತಿಕೊಂಡಿದ್ದು ಕಲ್ಲಿದ್ದಲಿನಿಂದ ಅಲ್ಲ, ಮಲೆನಾಡಿನ ಮರ ಸುಟ್ಟು ಮಾಡಿದ ಇದ್ದಿಲಿನಿಂದ.

ನನ್ನ ನಾಯಿಗುತ್ತಿ, ಅವನ ಹುಲಿಯ ನಡೆದಿದ್ದೂ ಅಂಥದೇ ಕಾಡಲ್ಲಿ ಅಲ್ವಾ! ಆ ಮರ ಎಲ್ಲಿಗೆ ಹೋಯ್ತು ಅಂತ ಗೊತ್ತಾಗಬೇಕಾದ್ರೆ ಅಪ್ಪನ ಪುಸ್ತಕ ಬೇಕು. ಅದರ ನೆರಳು ಹೇಗಿತ್ತು ಅಂತ ಗೊತ್ತಾಗಬೇಕಾದ್ರೆ ನನ್ನದು.

ಇದನ್ನು ಅಪ್ಪನಿಗೆ ಹೇಳಬೇಕಿತ್ತು. ಅವರು ಹೋಗಿ ಎರಡು ವರ್ಷ ಆಯ್ತು.

ಪುಸ್ತಕಗಳನ್ನು ಯಾರಿಗೂ ಕೊಡಲಿಲ್ಲ, ಜೊತೆಗೇ ತಂದೆ. ಈಗ ಎರಡೂ ಒಂದೇ ಸಾಲಲ್ಲಿವೆ. ನಿಮ್ಮ ಕಪಾಟಲ್ಲಿ ಯಾವುದು ಜಾಸ್ತಿ?