ನಲವತ್ತು ಗಜ

ಶಿಕಾರಿ ಅಂದ್ರೆ ನನಗೆ ಅಷ್ಟಕ್ಕಷ್ಟೆ. ಆದ್ರೆ ಇಲ್ಲಿ ಅಮೆರಿಕದಲ್ಲಿ ನನ್ನ ಜೊತೆ ಕೆಲಸ ಮಾಡೋ ಒಬ್ಬರು ಪ್ರತಿ ವಸಂತದಲ್ಲೂ ಕಾಡು ಟರ್ಕಿ ಬೇಟೆಗೆ ಹೋಗ್ತಾರೆ. ಅವರ ಮಾತು ಕೇಳಿದಾಗಿನಿಂದ ಒಂದು ಪ್ರಶ್ನೆ ತಲೆ ಕೊರೀತಾ ಇದೆ. ಹಕ್ಕಿ ಎಷ್ಟು ದೂರದಲ್ಲಿದ್ರೆ ಗುಂಡು ಹಾರಿಸೋದು ನ್ಯಾಯ?

ಹಳಬರ ಲೆಕ್ಕ ಸುಮಾರು 40 ಗಜ, ಅಂದ್ರೆ 36-37 ಮೀಟರ್. ಟರ್ಕಿಯ ಮೈಗೆ ದಪ್ಪ ಗರಿ, ಗಟ್ಟಿ ಎಲುಬು. ಅದಕ್ಕೇ ಗುರಿ ಇಡೋದು ತಲೆ, ಕತ್ತಿಗೆ. ಕೋವಿಯ ಚರೆಗಳೋ, ದೂರ ಹೋದಷ್ಟೂ ಚದುರ್ತವೆ, ವೇಗ ಕಳ್ಕೊಳ್ತವೆ. ತಲೆಗೆ ಸಾಕಷ್ಟು ಬೀಳದಿದ್ರೆ ಹಕ್ಕಿ ಗಾಯ ಹೊತ್ತು ಹಾರಿಹೋಗಿ ಯಾವುದೋ ಪೊದೆಯಲ್ಲಿ ನರಳಿ ಸಾಯುತ್ತೆ.

ಈಗ ಟಂಗ್‌ಸ್ಟನ್ ಚರೆ ಬಂದಿದೆ. ಸೀಸದ ಸಾಂದ್ರತೆ 11.3, ಇದರದ್ದು ಸುಮಾರು 18. 60 ಗಜಕ್ಕೂ ಹೊಡೀಬಹುದು ಅಂತಾರೆ ಕೆಲವರು. ಕಾಗದದ ಗುರಿಗೆ ಸರಿ ಸ್ವಾಮಿ! ಕಾಡಲ್ಲಿ ಕಣ್ಣಳತೆಗೆ 50 ಅನ್ಸಿದ್ದು 65 ಇರಬಹುದು, ಕಡ್ಡಿ ಅಡ್ಡ ಬರಬಹುದು, ಹಕ್ಕಿ ಕತ್ತು ತಿರುಗಿಸಬಹುದು. ನಮ್ಮ ಭಾಷೆಯಲ್ಲಿ ಹೇಳೋದಾದ್ರೆ ಕಾಗದ ಟೆಸ್ಟ್ ಸರ್ವರ್, ಕಾಡು ಪ್ರೊಡಕ್ಷನ್. ರೋಲ್‌ಬ್ಯಾಕ್ ಇಲ್ಲ.

ಹೆಣ್ಣಿನ ದನಿ ಅನುಕರಿಸಿ ಗಂಡು ಟರ್ಕಿಯನ್ನ ಹತ್ತಿರ ಕರೆಸೋದೇ ಈ ಬೇಟೆಯ ಕಲೆಯಂತೆ. ಒಂದ್ಸಲ ದೊಡ್ಡದೊಂದು ಗಂಡು 50 ಗಜದಲ್ಲೇ ನಿಂತುಬಿಡ್ತಂತೆ. ಇವರು ಹೊಡೀಲಿಲ್ಲ, ಬರಿಗೈಯಲ್ಲಿ ಮನೆಗೆ ಬಂದ್ರು.

ಬೇಟೆಗೆ ಲೈಸೆನ್ಸ್ ಸರ್ಕಾರ ಕೊಡುತ್ತೆ. ಆದ್ರೆ ಆ ಹೊತ್ತಲ್ಲಿ ನೋಡೋರು ಯಾರೂ ಇರಲ್ಲ. ಹೊಡೀದೆ ಬಿಟ್ಟ ಆ ಹಕ್ಕಿಯಿಂದಲೇ ನನಗೆ ಅವರ ಮೇಲೆ ಗೌರವ ಹೆಚ್ಚಾಗಿದ್ದು. ನೀವೇನಂತೀರಾ?